ಕಾರು ಒಬ್ಬರ ಹೆಸರಲ್ಲಿ, ಓಡಿಸುವವರು ಇನ್ನೊಬ್ಬರು: ವಿಮೆ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ?



ನಮ್ಮ ಬಹಳಷ್ಟು ಮನೆಗಳಲ್ಲಿ ಕಾರು ಇರುವುದು ಒಬ್ಬರ ಹೆಸರಿನಲ್ಲಿ, ಓಡಿಸುವುದು ಇನ್ನೊಬ್ಬರು. ತಂದೆಯ ಹೆಸರಿನ ಕಾರನ್ನು ಮಗ ಓಡಿಸುತ್ತಾನೆ. ಅಂಗಡಿಯ ಫರ್ಮ್ ಹೆಸರಿನ ಕಾರನ್ನು ಅಣ್ಣತಮ್ಮಂದಿರು ಸರದಿಯಲ್ಲಿ ಒಯ್ಯುತ್ತಾರೆ. ತಾಯಿಯ ಹೆಸರಿನಲ್ಲಿ ಕಾರು ಇದೆ, ತಾಯಿಗೆ ಲೈಸೆನ್ಸೇ ಇಲ್ಲ. ಮದುವೆ ಬಂತು, ಶ್ರವಣಬೆಳಗೊಳಕ್ಕೋ ಸ್ತವನಿಧಿಗೋ ಹೋಗುವುದು ಬಂತು ಎಂದರೆ ಬೀಗರ ಕಾರು, ಗೆಳೆಯರ ಕಾರು ಕೇಳಿ ತರುತ್ತೇವೆ. ಎಲ್ಲಮ್ಮನ ಗುಡ್ಡದ ಕೆಳಗಿರುವ ನಮ್ಮ ಉಗರಗೋಳದಲ್ಲಿ ಹುಣ್ಣಿಮೆಯ ದಿನ ನಿಂತು ನೋಡಿದರೆ ನೂರಾರು ಗಾಡಿಗಳು ಹೋಗುತ್ತವೆ. ಎಷ್ಟು ಗಾಡಿಯಲ್ಲಿ ಮಾಲೀಕರೇ ಸ್ಟೇರಿಂಗ್ ಹಿಡಿದಿರುತ್ತಾರೆ ಎಂದು ಕೇಳಿದರೆ ಉತ್ತರ ಕಷ್ಟ.

ಹೀಗೆ ಕೊಟ್ಟು ತೆಗೆದುಕೊಳ್ಳುವುದು ತಪ್ಪಲ್ಲ, ಅದು ನಮ್ಮ ಬಾಳುವೆಯ ರೀತಿ. ಆದರೆ ಅಪಘಾತವಾದ ದಿನ ವಿಮೆ ಏನು ಹೇಳುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಕಾಗದಪತ್ರದ ಕೆಲಸಕ್ಕೆ ಜನ ನನ್ನ ಅಂಗಡಿಗೆ ಬರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಎರಡು ತಪ್ಪು ತಿಳಿವಳಿಕೆ ಇರುತ್ತದೆ. ಮೊದಲನೆಯದು, "ಮಾಲೀಕರು ಓಡಿಸದಿದ್ದರೆ ವಿಮೆ ಸಿಗುವುದೇ ಇಲ್ಲ" ಎನ್ನುವುದು. ಎರಡನೆಯದು, "ಫುಲ್ ಇನ್ಶೂರೆನ್ಸ್ ಇದೆ, ಯಾರಿಗೆ ಏನಾದರೂ ದುಡ್ಡು ಬರುತ್ತದೆ" ಎನ್ನುವುದು. ಎರಡೂ ಸರಿಯಲ್ಲ. ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ಅದನ್ನು ನಂಬಿಕೊಂಡು ಕೂತ ಮನೆಯಲ್ಲಿ ದುಡಿಯುವ ಮಗ ಹೋದಾಗ ಒಂದು ರೂಪಾಯಿಯೂ ಬರದೆ ಇರಬಹುದು.

ಒಂದು ಪಾಲಿಸಿಯಲ್ಲಿ ಮೂರು ವಿಮೆ

ಕಾರಿನ ಪಾಲಿಸಿ ಎನ್ನುವುದು ಒಂದೇ ಕಾಗದವಾದರೂ ಒಳಗೆ ಮೂರು ಬೇರೆ ಬೇರೆ ವಿಮೆ ಇರುತ್ತವೆ. ಮಾಲೀಕ ಮತ್ತು ಚಾಲಕ ಬೇರೆಯಾದಾಗ ಈ ಮೂರೂ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ಇದೊಂದು ತಿಳಿದರೆ ಉಳಿದದ್ದೆಲ್ಲ ಸುಲಭ.

ಮೊದಲನೆಯದು ಥರ್ಡ್ ಪಾರ್ಟಿ ವಿಮೆ. ನಮ್ಮ ಗಾಡಿಯಿಂದ ಹೊರಗಿನವರಿಗೆ ಸಾವು, ಗಾಯ, ಆಸ್ತಿ ಹಾನಿ ಆದರೆ ಅದರ ಪರಿಹಾರ ಇಲ್ಲಿಂದ ಹೋಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನ ಪ್ರಕಾರ ಇದು ಕಡ್ಡಾಯ. ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು.

ಎರಡನೆಯದು ಸ್ವಂತ ಗಾಡಿಯ ಹಾನಿ, ಅಂದರೆ ಓನ್ ಡ್ಯಾಮೇಜ್. ಕಾರು ಜಖಂ ಆದರೆ, ಕಳುವಾದರೆ, ಬೆಂಕಿ ಬಿದ್ದರೆ ಇದರಲ್ಲಿ ಬರುತ್ತದೆ. ಇದು ಕಡ್ಡಾಯವಲ್ಲ.

ಮೂರನೆಯದು ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ. ಇದರ ಮೊತ್ತ 15 ಲಕ್ಷ ರೂಪಾಯಿ. 2018ರ ಸೆಪ್ಟೆಂಬರ್‌ಗೆ ಮೊದಲು ಕಾರಿಗೆ 2 ಲಕ್ಷ, ಬೈಕಿಗೆ 1 ಲಕ್ಷ ಮಾತ್ರ ಇತ್ತು.

ಮೊದಲ ಎರಡು ವಿಮೆಗಳು ಗಾಡಿಯ ಹಿಂದೆ ಹೋಗುತ್ತವೆ. ಮೂರನೆಯದು ಗಾಡಿಯ ಹಿಂದೆ ಹೋಗುವುದಿಲ್ಲ, ಆರ್‌ಸಿಯಲ್ಲಿ ಹೆಸರಿರುವ ಮನುಷ್ಯನ ಹಿಂದೆ ಹೋಗುತ್ತದೆ. ತೊಂದರೆ ಎಲ್ಲ ಬರುವುದು ಇಲ್ಲೇ.

ಯಾರು ಓಡಿಸಬಹುದು?

ನಮ್ಮ ದೇಶದ ಖಾಸಗಿ ಕಾರಿನ ಪಾಲಿಸಿಯಲ್ಲಿ "ಇಂಥವರೇ ಓಡಿಸಬೇಕು" ಎಂದು ಹೆಸರು ಇರುವುದಿಲ್ಲ. ಪಾಲಿಸಿಯಲ್ಲಿ ಚಾಲಕರ ಷರತ್ತು ಎಂದು ಒಂದು ಪ್ಯಾರಾ ಇರುತ್ತದೆ. ವಿಮೆ ಮಾಡಿಸಿದವರು ಸೇರಿ ಯಾವುದೇ ವ್ಯಕ್ತಿ ಓಡಿಸಬಹುದು, ಆದರೆ ಅಪಘಾತದ ಹೊತ್ತಿಗೆ ಅವರ ಹತ್ತಿರ ಆ ವರ್ಗದ ಗಾಡಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಅವರು ಲೈಸೆನ್ಸಿಗೆ ಅನರ್ಹರಾಗಿರಬಾರದು ಎಂದು ಅದರ ಅರ್ಥ. ಆದ್ದರಿಂದ ಅಳಿಯ ಓಡಿಸಿದ, ಗೆಳೆಯ ಓಡಿಸಿದ ಎಂಬ ಒಂದೇ ಕಾರಣಕ್ಕೆ ಕಂಪನಿ ಕ್ಲೇಮ್ ತಿರಸ್ಕರಿಸುವಂತಿಲ್ಲ.

ಲರ್ನಿಂಗ್ ಲೈಸೆನ್ಸ್ ಇದ್ದವರೂ ಓಡಿಸಬಹುದು. ಆದರೆ ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರುವವರು ಕೂತಿರಬೇಕು, ಗಾಡಿಗೆ ಹಿಂದೆ ಮುಂದೆ ಕೆಂಪು 'ಎಲ್' ಫಲಕ ಇರಬೇಕು. ಒಬ್ಬನೇ ಕಲಿಯಲು ಒಯ್ದರೆ ವಿಮೆಯ ಷರತ್ತು ಮುರಿದ ಹಾಗೆ.

ಅವಧಿ ಮುಗಿದ ಲೈಸೆನ್ಸ್ ಬಗ್ಗೆ ಹಿರಿಯರು ಗಮನ ಕೊಡಬೇಕು. ಮೊದಲು ಅವಧಿ ಮುಗಿದ ಮೇಲೆ 30 ದಿನ ನಡೆಯುತ್ತಿತ್ತು. 2019ರ ತಿದ್ದುಪಡಿಯಲ್ಲಿ ಆ ರಿಯಾಯಿತಿ ತೆಗೆದುಹಾಕಿದ್ದಾರೆ. ಮುಗಿದ ಮೇಲೆ ಒಂದು ವರ್ಷದೊಳಗೆ ನವೀಕರಣಕ್ಕೆ ಅರ್ಜಿ ಕೊಡಬಹುದು, ಹೊಸ ಪರೀಕ್ಷೆ ಬೇಕಿಲ್ಲ. ಆದರೆ ನಡುವಿನ ದಿನಗಳಲ್ಲಿ ಲೈಸೆನ್ಸ್ ಇರಲಿಲ್ಲ ಎಂದೇ ಲೆಕ್ಕ. 55 ವರ್ಷ ದಾಟಿದ ಮೇಲೆ ಮಾಡಿಸಿದ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ಸಿಗುತ್ತದೆ. ನನ್ನ ವಯಸ್ಸಿನವರು ಇದನ್ನು ಬಹಳ ಮರೆಯುತ್ತಾರೆ. ಕಾರ್ಡನ್ನು ಒಮ್ಮೆ ತೆಗೆದು ನೋಡಿ.

ವ್ಯಾಪಾರಿಗಳಿಗೆ ಇನ್ನೊಂದು ಮಾತು. ಅಂಗಡಿಯ ಪಿಕಪ್ ಗಾಡಿಯನ್ನು ಕಾರಿನ ಲೈಸೆನ್ಸ್ ಇದ್ದವರು ಓಡಿಸಬಹುದೇ ಎಂಬ ಜಗಳ ವರ್ಷಾನುಗಟ್ಟಲೆ ನಡೆದಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಓಡಿಸಬಹುದು ಎಂದಿತು. 2024ರ ನವೆಂಬರ್ 6ರಂದು ಐದು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಗಾಡಿಯ ಒಟ್ಟು ತೂಕ 7,500 ಕಿಲೋ ಮೀರದಿದ್ದರೆ ಲಘು ವಾಹನದ ಲೈಸೆನ್ಸ್ ಸಾಕು.

ಲೈಸೆನ್ಸ್ ಇಲ್ಲದವರ ಕೈಗೆ ಕೀಲಿ ಕೊಟ್ಟರೆ

ಇಲ್ಲಿ ಮೂರು ವಿಮೆಗಳ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಸ್ವಂತ ಗಾಡಿಯ ರಿಪೇರಿ ದುಡ್ಡು ಬರುವುದಿಲ್ಲ. ಗಾಯವಾದ ಹೊರಗಿನವರಿಗೆ ಮಾತ್ರ ಕಾನೂನು ಕೈಬಿಡುವುದಿಲ್ಲ. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸ್ವರಣ್ ಸಿಂಗ್ ಪ್ರಕರಣದ ತೀರ್ಪು ಇವತ್ತಿಗೂ ಈ ವಿಷಯಕ್ಕೆ ಆಧಾರ. ಚಾಲಕನಿಗೆ ಲೈಸೆನ್ಸ್ ಇಲ್ಲ ಎಂದು ತೋರಿಸಿದರಷ್ಟೇ ಕಂಪನಿ ಬಿಡುಗಡೆ ಆಗುವುದಿಲ್ಲ, ಮಾಲೀಕನು ತಿಳಿದೂ ಅಥವಾ ಅಜಾಗರೂಕತೆಯಿಂದ ಗಾಡಿ ಕೊಟ್ಟ ಎಂದು ಸಾಬೀತು ಮಾಡಬೇಕು ಎಂದು ಅದು ಹೇಳಿತು. ಸಾಬೀತಾದರೂ ನ್ಯಾಯಾಲಯಗಳು ಸಾಮಾನ್ಯವಾಗಿ ಕಂಪನಿಗೆ "ಮೊದಲು ಗಾಯಾಳುವಿಗೆ ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ" ಎಂದು ಆದೇಶ ಕೊಡುತ್ತವೆ.

ಈ "ವಸೂಲಿ ಮಾಡಿಕೋ" ಎಂಬ ಎರಡು ಶಬ್ದದಲ್ಲಿ ಒಂದು ಮನೆ ಮುಳುಗಬಹುದು. ದುಡಿಯುವ ವಯಸ್ಸಿನವರು ತೀರಿದರೆ ಪರಿಹಾರ ಹತ್ತಾರು ಲಕ್ಷ ಆಗುತ್ತದೆ. ಅದು ಗಾಡಿ ಓಡಿಸಿದ ಹುಡುಗನ ಮೇಲಷ್ಟೇ ಬರುವುದಿಲ್ಲ, ಆರ್‌ಸಿಯಲ್ಲಿ ಹೆಸರಿರುವವರ ಮನೆ, ಹೊಲ, ಅಂಗಡಿಯ ಮೇಲೆ ಬರುತ್ತದೆ. ಇದರ ಮೇಲೆ ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟದ್ದಕ್ಕೆ 180ನೇ ಕಲಮಿನಡಿ ಮಾಲೀಕರಿಗೆ 5,000 ರೂಪಾಯಿ ದಂಡ ಬೇರೆ.

ಹಾಗಾದರೆ ಮಾಲೀಕರು ಎಷ್ಟು ಜಾಗ್ರತೆ ವಹಿಸಬೇಕು? ಲೈಸೆನ್ಸ್ ಕೇಳಿ ನೋಡಬೇಕು, ಆತನಿಗೆ ಓಡಿಸಲು ಬರುತ್ತದೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅದು ಅಸಲಿಯೋ ನಕಲಿಯೋ ಎಂದು ಆರ್‌ಟಿಓ ಕಚೇರಿಗೆ ಹೋಗಿ ಪರೀಕ್ಷಿಸುವ ಹೊಣೆ ಮಾಲೀಕರದಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲೂ ಹೇಳಿದೆ. ಅಂದರೆ ಒಂದು ನಿಮಿಷದ ಕೆಲಸ. ಲೈಸೆನ್ಸಿನ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡರೆ ನೀವು ಜಾಗ್ರತೆ ವಹಿಸಿದ್ದಕ್ಕೆ ಅದೇ ಸಾಕ್ಷಿ.

18 ತುಂಬದ ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರು ಅಥವಾ ಮಾಲೀಕರೇ ತಪ್ಪಿತಸ್ಥರು ಎಂದು ಭಾವಿಸಲಾಗುತ್ತದೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. "ನಮ್ಮ ಹುಡುಗ ಎಂಟನೇ ಇಯತ್ತೆಯಲ್ಲೇ ಕಾರು ಓಡಿಸುತ್ತಾನೆ" ಎಂದು ಹೆಮ್ಮೆ ಪಡುವವರು ಇದನ್ನು ಓದಬೇಕು.

ಕೇಳಿ ತಂದ ಗಾಡಿ ಓಡಿಸುವವರೇ ತೀರಿಕೊಂಡರೆ

ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ನಮ್ಮ ಭಾಗದಲ್ಲೇ ನಡೆದ ಒಂದು ಪ್ರಕರಣ ಹೇಳುತ್ತೇನೆ. ಒಬ್ಬರು ಬೇರೆಯವರಿಂದ ಬೈಕ್ ಕೇಳಿ ಪಡೆದು ಇಳಕಲ್ಲಿನಿಂದ ತಮ್ಮ ಊರು ಗುಡೂರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಒಮ್ಮೆಲೆ ನಿಂತಿತು. ಬೈಕ್ ಅದಕ್ಕೆ ಗುದ್ದಿ ಅವರು ತೀರಿಕೊಂಡರು. ಮನೆಯವರು ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರಲ್ಲಿ ಬಂದ ತೀರ್ಪು ವಕೀಲರಲ್ಲಿ ನಿಂಗಮ್ಮ ಪ್ರಕರಣ ಎಂದೇ ಹೆಸರಾಗಿದೆ.

ನ್ಯಾಯಾಲಯ ಹೇಳಿದ್ದು ಇಷ್ಟು: ಗಾಡಿ ಕೇಳಿ ತಂದವನು ಓಡಿಸುವ ಹೊತ್ತಿನಲ್ಲಿ ಮಾಲೀಕನ ಜಾಗದಲ್ಲೇ ನಿಂತಿರುತ್ತಾನೆ. ಪರಿಹಾರ ಕೊಡಬೇಕಾದವನು ಮಾಲೀಕ. ಮಾಲೀಕನ ಜಾಗದಲ್ಲಿ ನಿಂತವನೇ ಪರಿಹಾರ ಕೇಳುವವನೂ ಆಗಲು ಬರುವುದಿಲ್ಲ. ಆದ್ದರಿಂದ ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ ಆಗಿನ 163ಎ ಕಲಮಿನಡಿ ಅವರ ಮನೆಯವರಿಗೆ ಹಕ್ಕಿಲ್ಲ. ಬೇರೆ ಕಲಮಿನಡಿ ಏನಾದರೂ ಸಿಗಬಹುದೇ ಎಂದು ನೋಡಲು ಪ್ರಕರಣವನ್ನು ಹೈಕೋರ್ಟಿಗೆ ವಾಪಸ್ ಕಳಿಸಿತು.

ತಂದೆ ಮಕ್ಕಳ ನಡುವೆಯೂ ಇದೇ ಲೆಕ್ಕ. ತಂದೆಯ ಹೆಸರಿನ ಬೈಕ್ ಓಡಿಸುತ್ತಿದ್ದ ಮಗ, ನಾಯಿ ಅಡ್ಡ ಬಂದು ಬಿದ್ದು ತೀರಿಕೊಂಡ ಇನ್ನೊಂದು ಪ್ರಕರಣದಲ್ಲೂ ವಿಮಾ ಕಂಪನಿ ಹೊಣೆಯಲ್ಲ ಎಂದೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು.

ಇತ್ತೀಚಿನದು ಹಾಸನ ಜಿಲ್ಲೆಯದು. 2014ರ ಜೂನ್ 18ರಂದು ಒಬ್ಬರು ಮಲ್ಲಸಂದ್ರದಿಂದ ಅರಸೀಕೆರೆಗೆ ಕಾರಿನಲ್ಲಿ ಹೋಗುತ್ತಿದ್ದರು. ಕಾರು ಅವರದಲ್ಲ. ಒಳಗೆ ತಂದೆ, ತಂಗಿ, ಮಕ್ಕಳು ಇದ್ದರು. ವೇಗದಲ್ಲಿ ಹಿಡಿತ ತಪ್ಪಿ ಕಾರು ಪಲ್ಟಿಯಾಯಿತು, ಓಡಿಸುತ್ತಿದ್ದವರು ತೀರಿಕೊಂಡರು. ಮನೆಯವರು 80 ಲಕ್ಷ ಕೇಳಿದರು. ನ್ಯಾಯಮಂಡಳಿ ಒಪ್ಪಲಿಲ್ಲ, ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ, 2025ರ ಜುಲೈ 2ರಂದು ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಬೇರೆ ಯಾವ ಗಾಡಿಯೂ ಸೇರಿರದೆ ಚಾಲಕನ ಸ್ವಂತ ತಪ್ಪಿನಿಂದಲೇ ಆದ ಸಾವಿಗೆ ವಾರಸುದಾರರು ಪರಿಹಾರ ಕೇಳಲು ಬರುವುದಿಲ್ಲ ಎಂಬುದು ಅದರ ಸಾರ. ಹನ್ನೊಂದು ವರ್ಷ ಕಾದ ಮನೆಗೆ ಸಿಕ್ಕಿದ್ದು ಏನೂ ಇಲ್ಲ.

ಎದುರಿನ ಗಾಡಿಯ ತಪ್ಪಿದ್ದರೆ ವಿಷಯ ಬೇರೆ. ಲಾರಿಯವನ ತಪ್ಪಿನಿಂದ ಅಪಘಾತವಾದರೆ, ನೀವು ಓಡಿಸುತ್ತಿದ್ದ ಕಾರು ಯಾರದಾದರೂ ಸರಿ, ಆ ಲಾರಿಯ ಮಾಲೀಕ ಮತ್ತು ಲಾರಿಯ ವಿಮಾ ಕಂಪನಿಯಿಂದ ಪರಿಹಾರ ಕೇಳುವ ಹಕ್ಕು ಪೂರ್ತಿ ಇದೆ. ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು ಎಂಬ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ದುಃಖದಲ್ಲಿ ದಿನ ಕಳೆದುಹೋಗುತ್ತದೆ, ಹತ್ತಿರದವರು ನೆನಪಿಸಬೇಕು.

15 ಲಕ್ಷ ಯಾರಿಗೆ ಬರುತ್ತದೆ?

ಮಾಲೀಕ-ಚಾಲಕ ಅಪಘಾತ ವಿಮೆ ಸಿಗಲು ಮೂರು ಷರತ್ತುಗಳಿವೆ. ಆತ ಆರ್‌ಸಿಯಲ್ಲಿ ಹೆಸರಿರುವ ಮಾಲೀಕನಾಗಿರಬೇಕು. ಪಾಲಿಸಿಯಲ್ಲೂ ಅವನದೇ ಹೆಸರಿರಬೇಕು. ಅವನ ಹತ್ತಿರ ಚಾಲ್ತಿ ಲೈಸೆನ್ಸ್ ಇರಬೇಕು. ಮೂರೂ ಇದ್ದರೆ, ತಪ್ಪು ಯಾರದೆಂದು ನೋಡದೆ ಸಾವಿಗೆ 15 ಲಕ್ಷ ಬರುತ್ತದೆ. ಎರಡು ಕೈಕಾಲು ಅಥವಾ ಎರಡು ಕಣ್ಣು ಹೋದರೂ ಪೂರ್ತಿ, ಒಂದು ಹೋದರೆ ಅರ್ಧ. ಕುಡಿದು ಓಡಿಸಿದ್ದರೆ ಇಲ್ಲ.

ಈಗ ನಮ್ಮ ಮನೆಗಳಿಗೆ ಹೊಂದಿಸಿ ನೋಡೋಣ.

ತಂದೆಯ ಹೆಸರಿನ ಕಾರು, ಮಗ ಓಡಿಸುತ್ತಾನೆ: ಮಗನಿಗೆ ಈ 15 ಲಕ್ಷ ಇಲ್ಲ.

ತಾಯಿಯ ಅಥವಾ ಹೆಂಡತಿಯ ಹೆಸರಿನ ಕಾರು, ಅವರಿಗೆ ಲೈಸೆನ್ಸ್ ಇಲ್ಲ: ಅವರಿಗೂ ಇಲ್ಲ, ಓಡಿಸುವವರಿಗೂ ಇಲ್ಲ. ಇಂಥವರು ಈ ವಿಮೆಯ ಪ್ರೀಮಿಯಂ ಕಟ್ಟಬೇಕಾದ ಅಗತ್ಯವೇ ಇಲ್ಲ.

ಫರ್ಮ್, ಕಂಪನಿ ಅಥವಾ ಟ್ರಸ್ಟಿನ ಹೆಸರಿನ ಕಾರು: ಸಂಸ್ಥೆಗೆ ಲೈಸೆನ್ಸ್ ಇರುವುದಿಲ್ಲ, ಆದ್ದರಿಂದ ಈ ವಿಮೆ ಸಿಗುವುದೇ ಇಲ್ಲ. ತೆರಿಗೆ ಲೆಕ್ಕಕ್ಕೆ ಅನುಕೂಲವೆಂದು ಕಾರನ್ನು ಫರ್ಮ್ ಹೆಸರಿಗೆ ತೆಗೆದುಕೊಂಡಿರುವ ವ್ಯಾಪಾರಿಗಳು ಮತ್ತು ಬಸದಿ ಟ್ರಸ್ಟಿನ ಗಾಡಿ ಓಡಿಸುವ ಸ್ವಯಂಸೇವಕರು ಇದನ್ನು ಗಮನಿಸಬೇಕು. ವಿಹಾರದ ಹೊತ್ತಿನಲ್ಲಿ ರಾತ್ರಿ ಹಗಲು ಗಾಡಿ ಓಡಿಸುವ ನಮ್ಮ ಹುಡುಗರ ಮನೆಗೆ ಯಾವ ಆಸರೆ ಇದೆ ಎಂದು ಟ್ರಸ್ಟಿನವರು ಒಮ್ಮೆ ಕೂತು ಯೋಚಿಸಬೇಕು.

ಪರಿಹಾರ ಕಷ್ಟದ್ದೇನಲ್ಲ. ಮೊದಲನೆಯದಾಗಿ, ಗಾಡಿ ಓಡಿಸುವ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿ ಬೇರೆಯಾಗಿ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಬೇಕು. ಇದು ಯಾವ ಗಾಡಿ ಎಂದು ಕೇಳುವುದಿಲ್ಲ. ಸ್ವಂತ ಕಾರು, ಬೀಗರ ಕಾರು, ಬಸ್ಸು, ನಡೆದು ಹೋಗುವಾಗ ಎಲ್ಲಕ್ಕೂ ಬರುತ್ತದೆ. ಎರಡನೆಯದಾಗಿ, ಕಾರಿನ ಪಾಲಿಸಿ ನವೀಕರಿಸುವಾಗ ಮನೆಯಲ್ಲಿ ಓಡಿಸುವವರ ಹೆಸರು ಬರೆಸಿ ಅಪಘಾತ ವಿಮೆ ಸೇರಿಸಬಹುದು. ಇದನ್ನು ಐಎಂಟಿ 15 ಎಂದು ಕರೆಯುತ್ತಾರೆ. ಹೆಸರು ಬರೆಸದ ಪ್ರಯಾಣಿಕರಿಗೆ ಐಎಂಟಿ 16 ಇದೆ. ಏಜೆಂಟರು ತಾವಾಗಿ ಹೇಳುವುದು ಕಡಿಮೆ. ನಾವೇ ಕೇಳಿ, ಪಾಲಿಸಿಯಲ್ಲಿ ಅಚ್ಚಾಗಿದೆಯೇ ನೋಡಿಕೊಳ್ಳಬೇಕು.

ಮಾಲೀಕರೇ ಓಡಿಸುವವರಾದರೂ ನಾಮಿನಿಯ ಹೆಸರು ನೋಡಿ. ಮದುವೆಗೆ ಮೊದಲು ಬರೆಸಿದ ಹೆಸರು, ತೀರಿಕೊಂಡವರ ಹೆಸರು ಹಾಗೇ ಉಳಿದಿರುತ್ತದೆ.

ಸಂಬಳದ ಡ್ರೈವರ್ ಮತ್ತು ಜೊತೆಗೆ ಕೂತವರು

ಸಂಬಳ ಕೊಟ್ಟು ಇಟ್ಟುಕೊಂಡ ಡ್ರೈವರ್ ಕೇಳಿ ತಂದವನಲ್ಲ, ಆತ ನೌಕರ. ಕೆಲಸದ ಮೇಲೆ ಇರುವಾಗ ಆತನಿಗೆ ಏನಾದರೂ ಆದರೆ ಕಾನೂನಿನಂತೆ ಮಾಲೀಕರು ಹೊಣೆ. ಪಾಲಿಸಿಯಲ್ಲಿ ಸಂಬಳದ ಚಾಲಕನ ಹೊಣೆಗಾರಿಕೆ ಎಂಬ ಸಾಲು, ಅಂದರೆ ಐಎಂಟಿ 28, ಇರುವಂತೆ ನೋಡಿಕೊಳ್ಳಿ. ಅದರ ಪ್ರೀಮಿಯಂ ಒಂದು ಚಹಾ ತಿಂಡಿಯ ಖರ್ಚಿನಷ್ಟು. ಆತನಿಗೆ ಸಂಬಳ ಕೊಟ್ಟದ್ದಕ್ಕೆ ಲೆಕ್ಕ ಇಡಿ. ಲೆಕ್ಕ ಇಲ್ಲದಿದ್ದರೆ ಆತ ನೌಕರ ಎಂದು ತೋರಿಸುವುದು ಆತನ ಮನೆಯವರಿಗೆ ಕಷ್ಟವಾಗುತ್ತದೆ.

ಕಾರಿನಲ್ಲಿ ಕೂತವರ ವಿಷಯದಲ್ಲಿ ಪಾಲಿಸಿಯ ಬಗೆ ಮುಖ್ಯ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಖಾಸಗಿ ಕಾರಿನ ಒಳಗೆ ಕೂತವರಿಗೆ ಕಂಪನಿ ಹೊಣೆಯಲ್ಲ ಎಂದು ವಾದಿಸುತ್ತದೆ, ಗೆಲ್ಲುವುದೂ ಉಂಟು. ಪ್ಯಾಕೇಜ್ ಪಾಲಿಸಿ, ಅಂದರೆ ನಾವು ಫುಲ್ ಇನ್ಶೂರೆನ್ಸ್ ಎನ್ನುವುದು ಇದ್ದರೆ ಒಳಗಿನವರಿಗೂ ರಕ್ಷಣೆ ಇದೆ. 2009ರ ನವೆಂಬರ್‌ನಲ್ಲಿ ವಿಮಾ ಪ್ರಾಧಿಕಾರ ಇದನ್ನು ಸ್ಪಷ್ಟಪಡಿಸಿತು, 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಬೇರೆಯವರ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೂರ ಹೊರಡುವ ಮುಂಚೆ ಪಾಲಿಸಿ ಯಾವ ಬಗೆಯದು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಖಾಸಗಿ ಕಾರನ್ನು ದುಡ್ಡು ತೆಗೆದುಕೊಂಡು ಬಾಡಿಗೆಗೆ ಕಳಿಸುವಂತಿಲ್ಲ ಎಂಬುದೂ ನೆನಪಿರಲಿ. ಸ್ನೇಹಕ್ಕೆ ಕೊಟ್ಟರೆ ಅಡ್ಡಿಯಿಲ್ಲ, ಬಾಡಿಗೆಗೆ ಕೊಟ್ಟರೆ ಪಾಲಿಸಿಯ ಷರತ್ತು ಮುರಿಯುತ್ತದೆ. ಅದೇ ರೀತಿ ಖಾಸಗಿ ಕಾರಿನಲ್ಲಿ ಸ್ವಂತ ಸಾಮಾನು ಮತ್ತು ವ್ಯಾಪಾರದ ಸ್ಯಾಂಪಲ್ ಒಯ್ಯಬಹುದು, ಮಾಲಿನ ಚೀಲ ಹೇರುವಂತಿಲ್ಲ.

ಮಾರಿದ ಕಾರು, ಇನ್ನೂ ನಿಮ್ಮ ಹೆಸರಲ್ಲಿ

ದುಡ್ಡು ಎಣಿಸಿಕೊಂಡು, ಕೀಲಿ ಕೊಟ್ಟು, ಸಹಿ ಮಾಡಿದ ಖಾಲಿ ಫಾರ್ಮ್ ಕೊಟ್ಟು "ನೀನೇ ಹೆಸರಿಗೆ ಮಾಡಿಸಿಕೋ" ಎಂದು ಕಳಿಸುವ ರೂಢಿ ನಮ್ಮಲ್ಲಿ ಬಹಳ. ಕಾನೂನಿನ ಪ್ರಕಾರ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು. 2018ರ ಫೆಬ್ರುವರಿ 6ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆ ಕಾರು ನಾಲ್ಕು ಕೈ ದಾಟಿದ್ದರೂ, ಗಾಯಾಳುವಿಗೆ ಉತ್ತರ ಹೇಳಬೇಕಾದವರು ಆರ್‌ಸಿಯ ಮಾಲೀಕರೇ. ಗಾಯಾಳು ಒಬ್ಬೊಬ್ಬರ ಬಾಗಿಲಿಗೆ ಅಲೆಯಬೇಕಿಲ್ಲ. ಕೊಂಡವನು ವಿಮೆ ನವೀಕರಿಸದೆ ಓಡಿಸಿ ಯಾರಿಗಾದರೂ ಗುದ್ದಿದರೆ, ನೋಟಿಸ್ ಬರುವುದು ಕಾರು ಮಾರಿ ಮರೆತ ನಿಮ್ಮ ಮನೆಗೆ.

ಮಾರಿದವರು 14 ದಿನದೊಳಗೆ ಫಾರ್ಮ್ 29ರಲ್ಲಿ ಆರ್‌ಟಿಓಗೆ ತಿಳಿಸಬೇಕು, ಬೇರೆ ರಾಜ್ಯಕ್ಕೆ ಮಾರಿದ್ದರೆ 45 ದಿನ. ಕೊಂಡವರು 30 ದಿನದೊಳಗೆ ಫಾರ್ಮ್ 30ರಲ್ಲಿ ಅರ್ಜಿ ಕೊಡಬೇಕು. ಸವದತ್ತಿ, ರಾಮದುರ್ಗ, ಕಿತ್ತೂರು ಕಡೆಯವರಿಗೆ ಇದು ಬೈಲಹೊಂಗಲದ ಕಚೇರಿ, ಕೆಎ 24. ಅರ್ಜಿ ಕೊಟ್ಟರೆ ಸಾಲದು, ಹೊಸ ಹೆಸರು ಬಂದಿತೇ ಎಂದು ವಾಹನ್ ಪೋರ್ಟಲಿನಲ್ಲಿ ನೋಡಿದ ಮೇಲೆಯೇ ನಿಶ್ಚಿಂತೆಯಿಂದ ಇರಿ.

ಹಳೆಯ ಕಾರು ಕೊಂಡವರಿಗೂ ಎಚ್ಚರಿಕೆ. 157ನೇ ಕಲಮಿನಂತೆ ಥರ್ಡ್ ಪಾರ್ಟಿ ವಿಮೆ ಗಾಡಿಯ ಜೊತೆ ತಾನಾಗಿ ವರ್ಗವಾಗುತ್ತದೆ. ಸ್ವಂತ ಹಾನಿಯ ವಿಮೆ ಹಾಗೆ ಬರುವುದಿಲ್ಲ, 14 ದಿನದೊಳಗೆ ಕಂಪನಿಗೆ ತಿಳಿಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್‌ಸಿ ನಿಮ್ಮ ಹೆಸರಲ್ಲಿ, ಪಾಲಿಸಿ ಹಳೆಯವರ ಹೆಸರಲ್ಲಿ ಇದ್ದಾಗ ಕಾರು ಜಖಂ ಆದರೆ ಇಬ್ಬರಿಗೂ ದುಡ್ಡಿಲ್ಲ. ನೋ ಕ್ಲೇಮ್ ಬೋನಸ್ ಕೂಡ ಮನುಷ್ಯನದು, ಗಾಡಿಯದಲ್ಲ. ಮಾರಿದವರು ಅದನ್ನು ತಮ್ಮ ಹೊಸ ಕಾರಿಗೆ ಒಯ್ಯಬಹುದು, ಕೊಂಡವರಿಗೆ ಅದು ಸಿಗುವುದಿಲ್ಲ.

ತೀರಿಕೊಂಡವರ ಹೆಸರಿನ ಕಾರು

ತಂದೆ ತೀರಿ ಎರಡು ವರ್ಷವಾದರೂ ಅವರ ಹೆಸರಿನಲ್ಲೇ ಪಾಲಿಸಿ ನವೀಕರಿಸುತ್ತಾ ಕಾರು ಓಡಿಸುವವರು ಇದ್ದಾರೆ. ಆನ್‌ಲೈನಿನಲ್ಲಿ ದುಡ್ಡು ಕಟ್ಟಿದರೆ ಪಾಲಿಸಿ ಬರುತ್ತದೆ, ಯಾರೂ ಕೇಳುವುದಿಲ್ಲ. ಕೇಳುವುದು ಕ್ಲೇಮ್ ಮಾಡಿದ ದಿನ.

ನಿಯಮ ಹೀಗಿದೆ. ಮಾಲೀಕರು ತೀರಿದ 30 ದಿನದೊಳಗೆ ಕಾರನ್ನು ಇಟ್ಟುಕೊಳ್ಳುವ ವಾರಸುದಾರರು ಆರ್‌ಟಿಓಗೆ ತಿಳಿಸಬೇಕು. ಹಾಗೆ ತಿಳಿಸಿದರೆ ಮೂರು ತಿಂಗಳು ಓಡಿಸಬಹುದು. ಆ ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಪಾಲಿಸಿಯೂ ಮಾಲೀಕರು ತೀರಿದ ದಿನದಿಂದ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಅಷ್ಟರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ತೀರಿದವರ ನೋ ಕ್ಲೇಮ್ ಬೋನಸ್ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆ ತಾಯಿಗೆ ವರ್ಗವಾಗುತ್ತದೆ. ಕೇಳಿ ಪಡೆಯಿರಿ.

ಅಣ್ಣತಮ್ಮಂದಿರ ನಡುವೆ ಕಾರು ಯಾರಿಗೆ ಎಂದು ತೀರ್ಮಾನವಾಗದೆ ಆರ್‌ಸಿ ಹಾಗೇ ಉಳಿಯುವುದು ಹೆಚ್ಚು. ಬ್ಯಾಂಕಿನ ಕೆಲಸಕ್ಕೆ ಮರಣ ಪ್ರಮಾಣಪತ್ರ, ವಂಶಾವಳಿ ತೆಗೆಸುವಾಗಲೇ ಎರಡು ಪ್ರತಿ ಹೆಚ್ಚಿಗೆ ತೆಗೆಸಿ ಕಾರಿನ ಕೆಲಸವನ್ನೂ ಮುಗಿಸಿಬಿಡಿ.

ಅಪಘಾತವಾದ ಮೇಲೆ

ಮೊದಲು ಗಾಯವಾದವರನ್ನು ಆಸ್ಪತ್ರೆಗೆ ಸೇರಿಸಿ. 134ನೇ ಕಲಮಿನಂತೆ ಇದು ಚಾಲಕನ ಕರ್ತವ್ಯ, ಮನುಷ್ಯ ಧರ್ಮವೂ ಹೌದು. 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ವಿಮಾ ಕಂಪನಿಗೂ ಕೂಡಲೇ ತಿಳಿಸಬೇಕು. ಕಾರು ಬೇರೆಯವರದಾದರೆ ಮಾಲೀಕರಿಗೆ ಫೋನ್ ಮಾಡಲು ಹೆದರಬೇಡಿ. ಕ್ಲೇಮ್ ಫಾರ್ಮಿಗೆ ಸಹಿ ಮಾಡಬೇಕಾದವರು, ದುಡ್ಡು ಪಡೆಯಬೇಕಾದವರು ಅವರೇ. ಕ್ಲೇಮ್ ಮಾಡಿದರೆ ಅವರ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಐದು ವರ್ಷ ಕ್ಲೇಮ್ ಇಲ್ಲದವರಿಗೆ ಅದು ಶೇ. 50ರಷ್ಟಿರುತ್ತದೆ. ಕೇಳಿ ತಂದವರು ಆ ನಷ್ಟವನ್ನು ತುಂಬಿಕೊಡುವುದು ನ್ಯಾಯ.

ಈಗ ಒಂದು ಕಹಿ ಮಾತು. ಲೈಸೆನ್ಸ್ ಇಲ್ಲದ ಹುಡುಗ ಓಡಿಸಿದ, ಅಪಘಾತವಾಯಿತು. "ಕಾಕಾ ಓಡಿಸುತ್ತಿದ್ದರು ಎಂದು ಬರೆಸಿ" ಎಂದು ಹೇಳುವವರು ಅಲ್ಲಿಯೇ ಹುಟ್ಟಿಕೊಳ್ಳುತ್ತಾರೆ. ದಯವಿಟ್ಟು ಕೇಳಬೇಡಿ. ಇದು ಸುಳ್ಳು ಎಂಬುದು ಒಂದು ಮಾತು, ಸತ್ಯವನ್ನು ವ್ರತವೆಂದು ಹೇಳಿಕೊಳ್ಳುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೆಯ ಮಾತು, ಅದು ನಿಲ್ಲುವುದೂ ಇಲ್ಲ. ಟೋಲಿನ ಕ್ಯಾಮೆರಾ, ಪೆಟ್ರೋಲ್ ಪಂಪಿನ ಕ್ಯಾಮೆರಾ, ಮೊಬೈಲ್ ಇದ್ದ ಜಾಗ, ಆಸ್ಪತ್ರೆಯ ದಾಖಲೆ, ಗಾಯ ಯಾರ ಮೈಮೇಲಿದೆ ಎಂಬುದು, ಎಲ್ಲವೂ ಮಾತಾಡುತ್ತವೆ. ಚಾಲಕನನ್ನು ಬದಲಿಸಿದ್ದು ಗೊತ್ತಾದರೆ ಸ್ವಂತ ಗಾಡಿಯ ಕ್ಲೇಮ್ ಹೋಗುತ್ತದೆ, ಕಾಕಾನ ಮೇಲೂ ಹುಡುಗನ ಮೇಲೂ ಕ್ರಿಮಿನಲ್ ಪ್ರಕರಣ ಬರುತ್ತದೆ. ಗಾಯಾಳುವಿನ ಮನೆಯವರ ಪ್ರಕರಣವೂ ವರ್ಷಗಟ್ಟಲೆ ಹಿಂದೆ ಬೀಳುತ್ತದೆ.

ಸ್ವಂತ ಗಾಡಿಯ ಅಥವಾ 15 ಲಕ್ಷದ ಕ್ಲೇಮನ್ನು ಕಂಪನಿ ಕಾರಣವಿಲ್ಲದೆ ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ವಿಮಾ ಪ್ರಾಧಿಕಾರದ ಸಹಾಯವಾಣಿ 155255. ಗಾಯಾಳುಗಳ ಪರಿಹಾರದ ಅರ್ಜಿ ಮಾತ್ರ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲೇ ಹಾಕಬೇಕು, ಅದಕ್ಕೆ ವಕೀಲರನ್ನು ಕಾಣಿರಿ.

ಈ ವಾರ ಮಾಡಬೇಕಾದ ಕೆಲಸ

1. ಆರ್‌ಸಿ ಮತ್ತು ಪಾಲಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಹೆಸರು ಇದೆಯೇ ನೋಡಿ.
2. ಆ ಹೆಸರಿನವರು ಬದುಕಿದ್ದಾರೆಯೇ, ಅವರ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ನೋಡಿ.
3. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರ ಲೈಸೆನ್ಸಿನ ಕೊನೆಯ ದಿನಾಂಕವನ್ನು ಒಂದು ಕಡೆ ಬರೆದಿಡಿ.
4. ಪಾಲಿಸಿ ಪ್ಯಾಕೇಜ್ ಬಗೆಯದೋ ಬರೀ ಥರ್ಡ್ ಪಾರ್ಟಿಯೋ ಓದಿ.
5. ಮಾಲೀಕರಲ್ಲದೆ ಓಡಿಸುವ ಪ್ರತಿಯೊಬ್ಬರಿಗೂ ಬೇರೆ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿ.
6. ನಾಮಿನಿಯ ಹೆಸರು ಸರಿಪಡಿಸಿ.
7. ಹಿಂದೆ ಮಾರಿದ ಗಾಡಿ ಇನ್ನೂ ನಿಮ್ಮ ಹೆಸರಿನಲ್ಲಿದೆಯೇ ಎಂದು ವಾಹನ್ ಪೋರ್ಟಲಿನಲ್ಲಿ ನೋಡಿ.

ಇವುಗಳಲ್ಲಿ ಐದನೆಯದನ್ನು ಮಾತ್ರ ನಾಳೆಗೆ ಇಡಬೇಡಿ. ಉಳಿದದ್ದು ತಡವಾದರೆ ದಂಡವೋ ಓಡಾಟವೋ ಆಗಬಹುದು. ಇದು ತಡವಾದರೆ ಹಿಂದೆ ಉಳಿದವರ ಕೈ ಬರಿದಾಗುತ್ತದೆ. ನಿಮ್ಮ ಊರಿನ ಬಸದಿಯಲ್ಲಿ, ಯುವಕ ಮಂಡಳದಲ್ಲಿ, ಮಹಿಳಾ ಮಂಡಳದಲ್ಲಿ ಇದನ್ನು ಓದಿ ಹೇಳಿ. ಓದಲು ಬಿಡುವಿಲ್ಲದವರಿಗೆ ಇಷ್ಟೇ ಹೇಳಿದರೂ ಸಾಕು: ಕಾರಿನ ವಿಮೆ ಗಾಡಿಯದು, ಓಡಿಸುವವರು ತಮ್ಮ ಹೆಸರಿನಲ್ಲಿ ಬೇರೆ ವಿಮೆ ಮಾಡಿಸಬೇಕು.